ಹುಟ್ಟುವ ಮೊದಲೇ ಸಾಯುವ ನರಕೋಶಗಳು

ಪ್ರಶ್ನೆ: ನನಗೀಗ ಏಳನೇ ತಿಂಗಳು. ಗರ್ಭದಲ್ಲಿರುವಾಗಲೇ ಮಗುವಿನ ಮೆದುಳಿನ ಅರ್ಧದಷ್ಟು ನರಕೋಶಗಳು ಸತ್ತುಹೋಗುತ್ತವೆ ಎಂದು ಓದಿದೆ. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಇದು ನಿಜವೇ? ನಿಜವಾದರೆ ಅಷ್ಟೊಂದು ಕೋಶಗಳು ಹುಟ್ಟುವುದಾದರೂ ಯಾಕೆ, ಸಾಯುವುದಾದರೂ ಯಾಕೆ? ತಡೆಯಲು ನಾನು ಏನಾದರೂ ತಿನ್ನಬೇಕೇ? ಮೆದುಳಿಗೆ ಒಳ್ಳೆಯದು ಅಂತ ಮನೆಯಲ್ಲಿ ಒಂದು ಟಾನಿಕ್ ತಂದಿಟ್ಟಿದ್ದಾರೆ. ಮುಂದೆ ಸಿಸೇರಿಯನ್ ಆದರೆ ಅರಿವಳಿಕೆಯಿಂದ ತೊಂದರೆಯೇ?
— ದಾವಣಗೆರೆಯ ಓದುಗರೊಬ್ಬರು

ಉತ್ತರ: ನೀವು ಓದಿದ್ದು ಸುಳ್ಳಲ್ಲ. ಆದರೆ ಅದನ್ನು ಬರೆದವರು ಅರ್ಧ ಮಾತು ಹೇಳಿ ನಿಲ್ಲಿಸಿದ್ದಾರೆ. ಬೆಳೆಯುತ್ತಿರುವ ಪ್ರತಿಯೊಂದು ಮೆದುಳಿನಲ್ಲೂ ನರಕೋಶಗಳು ದೊಡ್ಡ ಸಂಖ್ಯೆಯಲ್ಲಿ ಸಾಯುತ್ತವೆ. ನಿಮ್ಮ ಮೆದುಳು ಬೆಳೆಯುವಾಗ ಸತ್ತವು, ನನ್ನದರಲ್ಲೂ ಸತ್ತವು. ಇದು ಕಾಯಿಲೆಯಲ್ಲ, ಪೋಷಣೆ ಸಾಲದೆ ಆದ ನಷ್ಟವೂ ಅಲ್ಲ. ಮೆದುಳು ಕಟ್ಟುವ ಕೆಲಸದ ಒಂದು ಭಾಗ. ಇದನ್ನು ತಡೆಯಬೇಕಾಗಿಲ್ಲ, ತಡೆಯಲೂಬಾರದು.

‘ಅರ್ಧ’ ಅನ್ನುವ ಲೆಕ್ಕದ ಬಗ್ಗೆ ಒಂದು ಮಾತು. ಇಡೀ ಮೆದುಳಿಗೆ ಹೊಂದುವ ಒಂದೇ ಸಂಖ್ಯೆ ಇಲ್ಲ. ಒಂದೊಂದು ಜಾಗದಲ್ಲಿ ಒಂದೊಂದು ಲೆಕ್ಕ. ಕೆಲವು ಗುಂಪುಗಳಲ್ಲಿ ಐದರಲ್ಲಿ ಒಂದು ಸಾಯಬಹುದು, ಇನ್ನು ಕೆಲವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ. ಕಣ್ಣಿನಿಂದ ಮೆದುಳಿಗೆ ಹೋಗುವ ನರದಲ್ಲಿ ದೊಡ್ಡವರಿಗೆ ಸುಮಾರು 10 ಲಕ್ಷ ಎಳೆಗಳಿರುತ್ತವೆ, ಒಂದೊಂದು ಎಳೆಯೂ ಒಂದೊಂದು ನರಕೋಶದ್ದು. ಗರ್ಭದ ನಾಲ್ಕನೇ ತಿಂಗಳ ಹೊತ್ತಿಗೆ ಅಲ್ಲಿ ಅದರ ಎರಡು ಪಟ್ಟಿಗಿಂತಲೂ ಹೆಚ್ಚು ಎಳೆಗಳಿರುತ್ತವೆ. ಏಳನೇ ತಿಂಗಳ ಹೊತ್ತಿಗೆ ಅದು ಹೆಚ್ಚುಕಡಿಮೆ ದೊಡ್ಡವರ ಲೆಕ್ಕಕ್ಕೆ ಇಳಿದಿರುತ್ತದೆ. ಅಂದರೆ ನೀವು ಹೆದರುತ್ತಿರುವ ಸಾವಿನ ಒಂದು ದೊಡ್ಡ ಪಾಲು ನಿಮ್ಮ ಮಗುವಿನಲ್ಲಿ ಆಗಲೇ ಆಗಿಹೋಗಿದೆ, ನಿಮಗೆ ಗೊತ್ತೇ ಆಗದಂತೆ. ಇಷ್ಟೆಲ್ಲ ಕಳೆದ ಮೇಲೂ ದೊಡ್ಡವರ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿರುತ್ತವೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ಮಕ್ಕಳು ಬೆಳೆಯುವಾಗ ಮೆದುಳಿನಲ್ಲಿ ಬೇಡದ ಕೊಂಡಿಗಳು ಕಡಿಮೆಯಾಗುತ್ತವೆ ಅಂತಲೂ ನೀವು ಓದಿರಬಹುದು. ಅದು ಬೇರೆ ಸಂಗತಿ. ಅಲ್ಲಿ ಕೋಶ ಉಳಿಯುತ್ತದೆ, ಅದರ ಕೆಲವು ಸಿನಾಪ್ಸ್‌ಗಳು, ಅಂದರೆ ಬೇರೆ ಕೋಶಗಳ ಜೊತೆಗಿನ ಕೊಂಡಿಗಳು, ಮಾತ್ರ ಹೋಗುತ್ತವೆ. ಅದು ಬಾಲ್ಯದಿಂದ ಹದಿಹರೆಯದವರೆಗೂ ನಡೆಯುತ್ತದೆ. ನಾವೀಗ ಮಾತಾಡುತ್ತಿರುವುದು ಇಡೀ ಕೋಶವೇ ಸಾಯುವುದರ ಬಗ್ಗೆ. ಮನುಷ್ಯರಲ್ಲಿ ಇದರ ಬಹುಪಾಲು ಹುಟ್ಟುವ ಮೊದಲೇ ಮುಗಿಯುತ್ತದೆ.

ಈಗ ನಿಮ್ಮ ‘ಯಾಕೆ’ಗೆ ಬರೋಣ. ಇದಕ್ಕೆ ಉತ್ತರ ಸಿಕ್ಕಿದ್ದು ಮನುಷ್ಯರ ಮೆದುಳಿನಲ್ಲಲ್ಲ, ಕೋಳಿಮೊಟ್ಟೆಯಲ್ಲಿ. ಈ ಕಥೆಯನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಉತ್ತರ ಹೊರಬಂದ ಬಗೆ ತಿಳಿದರೆ ಉತ್ತರವೂ ಚೆನ್ನಾಗಿ ಅರ್ಥವಾಗುತ್ತದೆ.

ವಿಕ್ಟರ್ ಹ್ಯಾಂಬರ್ಗರ್ ಜರ್ಮನಿಯ ಭ್ರೂಣವಿಜ್ಞಾನಿ. 1932ರಲ್ಲಿ ಸಂಶೋಧನೆಗೆಂದು ಅಮೆರಿಕದ ಶಿಕಾಗೋಗೆ ಹೋದರು. ಮರುವರ್ಷ ನಾಜಿಗಳು ಅಧಿಕಾರಕ್ಕೆ ಬಂದರು. ಯಹೂದಿ ಎಂಬ ಕಾರಣಕ್ಕೆ ಫ್ರೈಬರ್ಗ್‌ನಲ್ಲಿದ್ದ ಅವರ ಕೆಲಸ ಹೋಯಿತು. ಅವರು ಮತ್ತೆ ಅಲ್ಲಿಗೆ ಮರಳಲಿಲ್ಲ. ಶಿಕಾಗೋದಲ್ಲಿ ಅವರು ಮೊಟ್ಟೆಯೊಳಗಿನ ಕೋಳಿಮರಿಯ ಭ್ರೂಣದಿಂದ, ಮುಂದೆ ರೆಕ್ಕೆ ಆಗಬೇಕಿದ್ದ ಪುಟ್ಟ ಮೊಗ್ಗನ್ನು ಕತ್ತರಿಸಿ ತೆಗೆದರು. ಕೆಲವು ದಿನ ಬಿಟ್ಟು ನೋಡಿದರೆ, ಆ ರೆಕ್ಕೆಗೆ ನರ ಕಳಿಸಬೇಕಿದ್ದ ಬೆನ್ನುಹುರಿಯ ಭಾಗದಲ್ಲಿ ನರಕೋಶಗಳು ತೀರಾ ಕಡಿಮೆ ಇದ್ದವು. ಇದನ್ನು ಅವರು 1934ರಲ್ಲಿ ಪ್ರಕಟಿಸಿದರು. ರೆಕ್ಕೆಯಿಂದ ಏನೋ ಸಂದೇಶ ಬರುತ್ತದೆ, ಅದು ಬಾರದಿದ್ದರೆ ಹೊಸ ನರಕೋಶಗಳು ರೂಪುಗೊಳ್ಳುವುದಿಲ್ಲ ಎಂದು ಅವರು ಅರ್ಥ ಮಾಡಿಕೊಂಡರು.

ಅದೇ ಕಾಲದಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಎಂಬ ಯುವ ವೈದ್ಯೆ ಇದ್ದರು. ಅವರೂ ಯಹೂದಿ. 1938ರಲ್ಲಿ ಮುಸೊಲಿನಿಯ ಜನಾಂಗ ಕಾನೂನು ಬಂದು ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ಅವರು ತಮ್ಮ ಮಲಗುವ ಕೋಣೆಯಲ್ಲೇ ಪ್ರಯೋಗಾಲಯ ಮಾಡಿಕೊಂಡರು. ಹೊಲಿಗೆ ಸೂಜಿಯನ್ನೇ ಮಸೆದು ಶಸ್ತ್ರಚಿಕಿತ್ಸೆಯ ಉಪಕರಣ ಮಾಡಿಕೊಂಡರು. ಟ್ಯೂರಿನ್ ಮೇಲೆ ಬಾಂಬು ಬೀಳತೊಡಗಿದಾಗ ಮನೆಯವರ ಜೊತೆ ಹಳ್ಳಿಗೆ ಹೋದರು, ಅಲ್ಲಿ ರೈತರಿಂದ ಮೊಟ್ಟೆ ತಂದು ಕೆಲಸ ಮುಂದುವರಿಸಿದರು. ಅವರ ಗುರು ಜುಸೆಪ್ಪೆ ಲೆವಿ ಕೂಡ ಕೆಲಸ ಕಳೆದುಕೊಂಡು ಅವರ ಜೊತೆಗೇ ಸೇರಿಕೊಂಡಿದ್ದರು. ಇಬ್ಬರೂ ಹ್ಯಾಂಬರ್ಗರ್ ಅವರ ಪ್ರಯೋಗವನ್ನೇ ಮತ್ತೆ ಮಾಡಿದರು. ಆದರೆ ಕೊನೆಗೊಮ್ಮೆ ನೋಡಿ ಸುಮ್ಮನಾಗಲಿಲ್ಲ. ದಿನ ದಿನದ ಭ್ರೂಣವನ್ನು ತೆಗೆದು ಕೋಶಗಳನ್ನು ಎಣಿಸಿದರು. ಆಗ ಗೊತ್ತಾಗಿದ್ದು ಇದು: ರೆಕ್ಕೆ ಇಲ್ಲದಿದ್ದರೂ ನರಕೋಶಗಳು ಹುಟ್ಟುತ್ತವೆ. ಆಕ್ಸಾನ್ ಎಂಬ ಉದ್ದನೆಯ ಎಳೆ ಚಾಚಿ ಹೊರಡುತ್ತವೆ. ಆಮೇಲೆ ಸಾಯುತ್ತವೆ. ಯಹೂದಿಗಳ ಬರಹಕ್ಕೆ ಇಟಲಿಯ ಪತ್ರಿಕೆಗಳಲ್ಲಿ ಜಾಗವಿರಲಿಲ್ಲ. ಹಾಗಾಗಿ ಇದನ್ನು ಬೆಲ್ಜಿಯಂನ ಒಂದು ಪತ್ರಿಕೆಯಲ್ಲಿ ಪ್ರಕಟಿಸಿದರು.

ಯುದ್ಧ ಮುಗಿದ ಮೇಲೆ ಹ್ಯಾಂಬರ್ಗರ್ ಇದನ್ನು ಓದಿದರು. ಆಗ ಅವರು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದರು. ತನ್ನ ವಿವರಣೆ ತಪ್ಪೆಂದ ಆಕೆಯನ್ನೇ ಅವರು ತಮ್ಮ ಪ್ರಯೋಗಾಲಯಕ್ಕೆ ಕರೆದರು. ವಿಜ್ಞಾನದಲ್ಲಿ ಇಂಥ ದೊಡ್ಡ ಮನಸ್ಸು ಅಪರೂಪ, ಇದನ್ನು ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಹೇಳುತ್ತೇನೆ. 1947ರಲ್ಲಿ ಆಕೆ ಬಂದರು. 1949ರಲ್ಲಿ ಇಬ್ಬರೂ ಸೇರಿ ಬರೆದ ಲೇಖನದಲ್ಲಿ ನಿಮ್ಮ ಪ್ರಶ್ನೆಗೆ ನೇರವಾದ ಉತ್ತರವಿದೆ.

ಬೆನ್ನುಹುರಿಯ ಎರಡೂ ಬದಿಗೆ ಸಾಲಾಗಿ ನರಗಂಟುಗಳಿರುತ್ತವೆ. ಮುಟ್ಟಿದ್ದು, ಚುಚ್ಚಿದ್ದು, ಸುಟ್ಟಿದ್ದು ಎಲ್ಲ ಅವುಗಳ ಮೂಲಕವೇ ಒಳಗೆ ಹೋಗಬೇಕು. ರೆಕ್ಕೆಗೂ ಕಾಲಿಗೂ ನರ ಕಳಿಸುವ ಗಂಟುಗಳು ದಪ್ಪ. ಕತ್ತಿಗೂ ಎದೆಗೂ ಕಳಿಸುವವು ಸಣ್ಣ. ಇದು ಸಹಜವೇ, ರೆಕ್ಕೆ ಮತ್ತು ಕಾಲಿನ ಚರ್ಮ, ಸ್ನಾಯು ಎರಡೂ ಜಾಸ್ತಿ ಅಲ್ವಾ? ಆದರೆ ಈ ವ್ಯತ್ಯಾಸ ಬರುವುದು ಹೇಗೆ? ಯಾರೂ ಏನನ್ನೂ ಕತ್ತರಿಸದ, ಆರೋಗ್ಯವಾಗಿರುವ ಭ್ರೂಣದಲ್ಲೇ ಅವರು ನೋಡಿದರು. ಕತ್ತಿನ ಮತ್ತು ಎದೆಯ ಗಂಟುಗಳಲ್ಲಿ ಕೋಶಗಳು ರಾಶಿರಾಶಿಯಾಗಿ ಸಾಯುತ್ತಿದ್ದವು. ರೆಕ್ಕೆ ಮತ್ತು ಕಾಲಿನ ಗಂಟುಗಳಲ್ಲಿ ಸಾವು ಕಡಿಮೆ. ಮೊಗ್ಗು ಕತ್ತರಿಸಿದಾಗ ಆ ಗಂಟುಗಳಲ್ಲೂ ಸಾವು ಹೆಚ್ಚಿತು. ಅಂದರೆ ಕತ್ತರಿಸಿದ್ದರಿಂದ ಹೊಸದೇನೂ ಶುರುವಾಗಲಿಲ್ಲ. ಮೊದಲೇ ನಡೆಯುತ್ತಿದ್ದುದು ಹೆಚ್ಚಾಯಿತು, ಅಷ್ಟೇ.

ಹ್ಯಾಂಬರ್ಗರ್ ವಯಸ್ಸಾದ ಮೇಲೂ ಮೈಕ್ರೋಸ್ಕೋಪ್ ಬಿಡಲಿಲ್ಲ. 75ನೇ ವಯಸ್ಸಿನಲ್ಲಿ, 1975ರಲ್ಲಿ, ಕೋಳಿಮರಿಯ ಕಾಲಿನ ಸ್ನಾಯುಗಳನ್ನು ಆಡಿಸುವ ನರಕೋಶಗಳ ಲೆಕ್ಕ ಪ್ರಕಟಿಸಿದರು. ಮೊಟ್ಟೆಯಲ್ಲಿ ಆರನೇ ದಿನದ ಹೊತ್ತಿಗೆ ಒಂದು ಬದಿಯಲ್ಲಿ ಸುಮಾರು 20,000 ಕೋಶ. ಕೆಲವೇ ದಿನಗಳಲ್ಲಿ ಸುಮಾರು 12,000. ಮರುವರ್ಷ ಅವರು ಮತ್ತು ಮಾರ್ಗರೆಟ್ ಹಾಲಿಡೇ ಭ್ರೂಣಕ್ಕೆ ಇನ್ನೊಂದು ಕಾಲಿನ ಮೊಗ್ಗನ್ನು ಕಸಿ ಮಾಡಿದರು. ಆ ಬದಿಯಲ್ಲಿ ಸಾಯಬೇಕಿದ್ದ ಕೋಶಗಳಲ್ಲಿ ಎಷ್ಟೋ ಉಳಿದುಕೊಂಡವು. ನನಗೆ ತುಂಬ ಇಷ್ಟವಾದ ಪ್ರಯೋಗ ಇದು. ಸಾಯಲಿರುವ ಕೋಶದಲ್ಲಿ ದೋಷವೇನೂ ಇಲ್ಲ ಎಂದು ಇದು ತೋರಿಸುತ್ತದೆ. ಅದಕ್ಕೆ ಕೆಲಸ ಸಿಕ್ಕಿರಲಿಲ್ಲ, ಅಷ್ಟೇ. ಕೆಲಸ ಕೊಟ್ಟರೆ ಅದು ಬದುಕುತ್ತದೆ.

ಹಾಗಾದರೆ ಕೆಲಸ ಸಿಕ್ಕಿದ್ದು ಕೋಶಕ್ಕೆ ಗೊತ್ತಾಗುವುದು ಹೇಗೆ? ಇಲ್ಲೂ ರೀಟಾ ಅವರೇ ದಾರಿ ತೋರಿಸಿದರು. ಇಲಿಯ ಒಂದು ಬಗೆಯ ಕ್ಯಾನ್ಸರ್ ಗೆಡ್ಡೆಯನ್ನು ಕೋಳಿ ಭ್ರೂಣದಲ್ಲಿಟ್ಟರೆ ನರದ ಎಳೆಗಳು ಅದರತ್ತ ನುಗ್ಗಿ ಬೆಳೆಯುತ್ತವೆ ಎಂದು ಎಲ್ಮರ್ ಬ್ಯೂಕರ್ 1948ರಲ್ಲಿ ಕಂಡಿದ್ದರು. ಗೆಡ್ಡೆಯಿಂದ ಯಾವುದೋ ಪದಾರ್ಥ ಹೊರಬರುತ್ತಿರಬೇಕು ಎಂದು ರೀಟಾ ಊಹಿಸಿದರು. 1952ರಲ್ಲಿ ಬ್ರೆಜಿಲ್‌ನ ರಿಯೋ ಡಿ ಜನೈರೋಗೆ ಹೋಗಿ, ಗಾಜಿನ ತಟ್ಟೆಯಲ್ಲಿ ನರಗಂಟಿನ ಪಕ್ಕ ಗೆಡ್ಡೆಯ ತುಣುಕನ್ನಿಟ್ಟು ಅದನ್ನು ಕಣ್ಣಾರೆ ಕಂಡರು. ಗಂಟಿನ ಸುತ್ತ ನರದ ಎಳೆಗಳು ದಟ್ಟವಾಗಿ ಹರಡಿದ್ದವು. ಸೇಂಟ್ ಲೂಯಿಸ್‌ನಲ್ಲಿ ಸ್ಟ್ಯಾನ್ಲಿ ಕೋಹೆನ್ ಆ ಪದಾರ್ಥವನ್ನು ಬೇರ್ಪಡಿಸಿದರು. ಅದು ಹಾವಿನ ವಿಷದಲ್ಲೂ, ಆಮೇಲೆ ಇಲಿಯ ಜೊಲ್ಲುಗ್ರಂಥಿಯಲ್ಲೂ ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ಸಿಕ್ಕಿತು. ಅದೇ ನರ್ವ್ ಗ್ರೋತ್ ಫ್ಯಾಕ್ಟರ್ ಅಥವಾ ಎನ್‌ಜಿಎಫ್ ಎಂಬ ಪ್ರೋಟೀನ್. ಅದಕ್ಕೆ ಅಂಟಿಕೊಂಡು ಅದನ್ನು ಕೆಲಸ ಮಾಡದಂತೆ ತಡೆಯುವ ಆ್ಯಂಟಿಬಾಡಿಯನ್ನು ಈಗಷ್ಟೇ ಹುಟ್ಟಿದ ಇಲಿಮರಿಗೆ ಕೊಟ್ಟರು. ಸಿಂಪಥೆಟಿಕ್ ನರಕೋಶಗಳು, ಅಂದರೆ ಎದೆಬಡಿತ, ಬೆವರು ಮುಂತಾದವನ್ನು ನೋಡಿಕೊಳ್ಳುವ ಕೋಶಗಳು, ಹೆಚ್ಚುಕಡಿಮೆ ಎಲ್ಲವೂ ಇಲ್ಲವಾದವು. 1986ರಲ್ಲಿ ರೀಟಾ ಮತ್ತು ಕೋಹೆನ್ ಅವರಿಗೆ ನೊಬೆಲ್ ಬಂತು. ಅದರಲ್ಲಿ ಹ್ಯಾಂಬರ್ಗರ್ ಹೆಸರಿರಲಿಲ್ಲ. ಇರಬೇಕಿತ್ತು ಎಂದೇ ನನ್ನ ಭಾವನೆ.

ಒಟ್ಟಾರೆ ವಿಷಯ ಹೀಗೆ. ಸ್ನಾಯು, ಚರ್ಮ, ಗ್ರಂಥಿ, ಇವೆಲ್ಲ ಇಂಥ ಪ್ರೋಟೀನುಗಳನ್ನು ತುಂಬ ಕಡಿಮೆ ಪ್ರಮಾಣದಲ್ಲಿ ತಯಾರಿಸುತ್ತವೆ. ಅಲ್ಲಿಗೆ ಆಕ್ಸಾನ್ ತಲುಪಿಸಿ, ಜಾಗ ಹಿಡಿದು, ಆ ಪ್ರೋಟೀನನ್ನು ಸಾಕಷ್ಟು ಪಡೆದ ಕೋಶ ಉಳಿಯುತ್ತದೆ. ಪಡೆಯದ ಕೋಶ ಸಾಯುತ್ತದೆ. ಎಷ್ಟು ಎಲೆ ಬೀಳುತ್ತದೆಂದು ಖಚಿತವಾಗಿ ಗೊತ್ತಿಲ್ಲದ ಮದುವೆಮನೆಯಲ್ಲಿ ಅಡುಗೆಯವರು ಸ್ವಲ್ಪ ಜಾಸ್ತಿಯೇ ಮಾಡುತ್ತಾರಲ್ಲ, ಹಾಗೆ ಭ್ರೂಣವೂ ಹೆಚ್ಚು ನರಕೋಶಗಳನ್ನು ಮಾಡಿಕೊಳ್ಳುತ್ತದೆ. ಯಾವ ಸ್ನಾಯು ಎಷ್ಟು ದಪ್ಪ ಆಗುತ್ತದೆ, ಅದಕ್ಕೆ ಎಷ್ಟು ನರ ಬೇಕು ಎಂದು ಒಂದೊಂದಕ್ಕೂ ಲೆಕ್ಕ ಬರೆದಿಡುವಷ್ಟು ಜೀನುಗಳು ನಮ್ಮಲ್ಲಿಲ್ಲ. ಸ್ನಾಯುವಿನ ಬಳಿಯೇ ಲೆಕ್ಕ ಆಗಿಬಿಟ್ಟರೆ ಯಾವ ಗಾತ್ರದ ದೇಹಕ್ಕಾದರೂ ಅದು ಹೊಂದುತ್ತದೆ. ವಿಕಾಸದ ದೃಷ್ಟಿಯಿಂದಲೂ ಇದು ದೊಡ್ಡ ಅನುಕೂಲ. ಮುಂದೊಂದು ಪೀಳಿಗೆಯಲ್ಲಿ ಕಾಲು ಉದ್ದವಾದರೆ ನರಗಳ ಲೆಕ್ಕವನ್ನು ಬೇರೆಯಾಗಿ ತಿದ್ದಬೇಕಾಗಿಲ್ಲ.

ದಾರಿ ತಪ್ಪಿದ ಕೋಶಗಳೂ ಹೀಗೇ ಹೋಗುತ್ತವೆ. ಕಣ್ಣಿನಿಂದ ಹೊರಟ ಕೆಲವು ಎಳೆಗಳು ಮೆದುಳಿನ ತಪ್ಪು ಜಾಗಕ್ಕೆ ಹೋಗುತ್ತವೆ. ಅಂಥ ಕೋಶಗಳಲ್ಲಿ ಹಲವು ಉಳಿಯುವುದಿಲ್ಲ. ಇನ್ನು ಕೆಲವು ಕೋಶಗಳಿಗೆ ಕೆಲಸವೇ ತಾತ್ಕಾಲಿಕ. ಮೆದುಳಿನ ತೊಗಟೆ ಪದರ ಪದರವಾಗಿ ಜೋಡಣೆಯಾಗುವಾಗ ಮೇಲ್ಭಾಗದಲ್ಲಿ ಕಹಾಲ್–ರೆಟ್ಜಿಯಸ್ ಎಂಬ ಕೋಶಗಳಿರುತ್ತವೆ. ಒಳಗಿನಿಂದ ಮೇಲೇರಿ ಬರುವ ನರಕೋಶಗಳು ಎಲ್ಲಿ ನಿಲ್ಲಬೇಕು ಎಂಬುದನ್ನು ಅವುಗಳ ಸಂಕೇತ ತಿಳಿಸುತ್ತದೆ. ಜೋಡಣೆ ಮುಗಿದ ಮೇಲೆ ಅವುಗಳಲ್ಲಿ ಹೆಚ್ಚಿನವು ಸಾಯುತ್ತವೆ.

ಸಾಯುವ ರೀತಿಯನ್ನೂ ನೀವು ತಿಳಿದುಕೊಂಡರೆ ಸ್ವಲ್ಪ ಧೈರ್ಯ ಬರಬಹುದು. ಪೆಟ್ಟಾಗಿ ಅಥವಾ ರಕ್ತ ನಿಂತು ಕೋಶ ಸತ್ತರೆ ಅದು ಉಬ್ಬಿ ಒಡೆಯುತ್ತದೆ, ಒಳಗಿದ್ದುದು ಹೊರಚೆಲ್ಲಿ ಸುತ್ತಲೂ ಉರಿಯೂತವಾಗುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಕೋಶ ಕುಗ್ಗುತ್ತದೆ, ತನ್ನ ಡಿಎನ್‌ಎಯನ್ನು ತಾನೇ ತುಂಡು ಮಾಡುತ್ತದೆ, ಸಣ್ಣ ಸಣ್ಣ ಉಂಡೆಗಳಾಗಿ ಬಿಡಿಯಾಗುತ್ತದೆ. ಹೊರಪೊರೆಯಲ್ಲಿ ಒಂದು ಗುರುತು ಮೂಡುತ್ತದೆ. ಮೆದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಅದನ್ನು ಕಂಡು ಬಂದು ನುಂಗಿಬಿಡುತ್ತವೆ. ಅಕ್ಕಪಕ್ಕದ ಕೋಶಗಳಿಗೆ ಏನೂ ಆಗುವುದಿಲ್ಲ. ಇದಕ್ಕೆ 1972ರಲ್ಲಿ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು.

ಇದು ಕೋಶ ತಾನೇ ಮಾಡುವ ಕೆಲಸ ಎಂದು ತೋರಿಸಿದ್ದೂ ಸೇಂಟ್ ಲೂಯಿಸ್‌ನಲ್ಲೇ. 1988ರಲ್ಲಿ ಯೂಜೀನ್ ಜಾನ್ಸನ್ ಅವರ ತಂಡ ತಟ್ಟೆಯಲ್ಲಿ ಬೆಳೆಸಿದ ಸಿಂಪಥೆಟಿಕ್ ನರಕೋಶಗಳಿಂದ ಎನ್‌ಜಿಎಫ್ ಕಿತ್ತುಕೊಂಡಿತು. ಕೋಶಗಳು ಸತ್ತವು. ಆದರೆ ಜೊತೆಗೆ ಕೋಶದಲ್ಲಿ ಹೊಸ ಪ್ರೋಟೀನ್ ತಯಾರಾಗದಂತೆ ತಡೆದರೆ ಅವು ಸಾಯಲಿಲ್ಲ! ಹಸಿವಿನಿಂದ ಸಾಯುವುದಾಗಿದ್ದರೆ ಪ್ರೋಟೀನ್ ತಡೆದಾಗ ಇನ್ನೂ ಬೇಗ ಸಾಯಬೇಕಿತ್ತು. ಸಾಯಲಿಕ್ಕೂ ಕೋಶ ಏನನ್ನೋ ತಯಾರಿಸಬೇಕು ಎಂದಾಯಿತು.

ಆ ‘ಏನೋ’ ಸಿಕ್ಕಿದ್ದು ಮಣ್ಣಿನಲ್ಲಿರುವ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ, ಅದರ ಹೆಸರು ಸಿ. ಎಲೆಗಾನ್ಸ್. ಅದು ಬೆಳೆಯುವಾಗ 1,090 ದೇಹಕೋಶಗಳು ಹುಟ್ಟುತ್ತವೆ, ಅವುಗಳಲ್ಲಿ 131 ಸಾಯುತ್ತವೆ, 959 ಉಳಿಯುತ್ತವೆ. ಪ್ರತಿ ಹುಳುವಿನಲ್ಲೂ ಅದೇ 131. ಅವುಗಳಲ್ಲಿ ಬಹುಪಾಲು ನರಮಂಡಲಕ್ಕೆ ಸೇರಿದವು. ಜಾನ್ ಸಲ್ಸ್‌ಟನ್ ಮೈಕ್ರೋಸ್ಕೋಪ್ ಮುಂದೆ ಕೂತು ಒಂದೊಂದು ಕೋಶದ ಹುಟ್ಟನ್ನೂ ಸಾವನ್ನೂ ಗುರುತಿಸಿದರು. ರಾಬರ್ಟ್ ಹಾರ್ವಿಟ್ಜ್ ಆ ಸಾವಿಗೆ ಬೇಕಾದ ಜೀನುಗಳನ್ನು ಕಂಡುಹಿಡಿದರು. ಇಬ್ಬರಿಗೂ ಸಿಡ್ನಿ ಬ್ರೆನರ್ ಜೊತೆ 2002ರಲ್ಲಿ ನೊಬೆಲ್ ಬಂತು. ಅದೇ ಬಗೆಯ ಜೀನುಗಳು ನಮ್ಮಲ್ಲೂ ಇವೆ. ಬದುಕುವ ಸಂಕೇತ ನಿಂತಾಗ ಬ್ಯಾಕ್ಸ್ ಎಂಬ ಪ್ರೋಟೀನ್, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಹೊರಪೊರೆಯಲ್ಲಿ ರಂಧ್ರ ಮಾಡುತ್ತದೆ. ಅಲ್ಲಿಂದ ಸೋರಿ ಬಂದ ‘ಸೈಟೋಕ್ರೋಮ್ ಸಿ’ ಎಂಬ ಪ್ರೋಟೀನ್, ಕ್ಯಾಸ್ಪೇಸ್ ಎಂಬ ಕಿಣ್ವಗಳನ್ನು ಎಬ್ಬಿಸುತ್ತದೆ. ಅವು ಕೋಶವನ್ನು ಒಳಗಿನಿಂದಲೇ ಕತ್ತರಿಸಿ ಹಾಕುತ್ತವೆ. ಅಂದರೆ ಈ ಸಿದ್ಧತೆ ಪ್ರತಿ ಕೋಶದಲ್ಲೂ ಮೊದಲೇ ಇರುತ್ತದೆ. ಹೊರಗಿನಿಂದ ‘ನೀನು ಬೇಕು’ ಎಂಬ ಸಂಕೇತ ಬರುತ್ತಿರುವವರೆಗೆ ಅದು ಕೆಲಸ ಶುರುಮಾಡದೆ ಸುಮ್ಮನಿರುತ್ತದೆ.

ಎಲ್ಲ ಕಡೆಯೂ ಒಂದೇ ನಿಯಮ ಎಂದುಕೊಳ್ಳಬೇಡಿ. ಬೆನ್ನುಹುರಿಯ ಹೊರಗಿನ ನರಗಳಿಗೆ ಎನ್‌ಜಿಎಫ್ ಕಥೆ ಚೆನ್ನಾಗಿ ಹೊಂದುತ್ತದೆ. ಮೆದುಳಿನ ಒಳಗೆ ವಿಷಯ ಇನ್ನೂ ಸಿಕ್ಕಲು ಸಿಕ್ಕಲು. ಇಲಿಯ ಮೆದುಳಿನ ತೊಗಟೆಯಲ್ಲಿ, ಬೇರೆ ಕೋಶಗಳನ್ನು ಹತೋಟಿಯಲ್ಲಿಡುವ ಇಂಟರ್‌ನ್ಯೂರಾನ್‌ಗಳಲ್ಲಿ ಸುಮಾರು ಶೇ 40ರಷ್ಟು ಹುಟ್ಟಿದ ಮೊದಲ ಎರಡು ವಾರಗಳಲ್ಲಿ ಸಾಯುತ್ತವೆ. ಅವುಗಳನ್ನು ಇನ್ನೂ ಎಳೆಯವಾಗಿರುವಾಗಲೇ ತೆಗೆದು ವಯಸ್ಸಿನಲ್ಲಿ ದೊಡ್ಡದಾದ ಇನ್ನೊಂದು ಇಲಿಗೆ ಕಸಿ ಮಾಡಿದರೂ, ಅವು ತಮ್ಮ ವಯಸ್ಸಿನ ಲೆಕ್ಕಕ್ಕೇ ಸಾಯುತ್ತವೆ, ಆ ಇಲಿಯ ವಯಸ್ಸಿಗಲ್ಲ. ಇದು 2012ರಲ್ಲಿ ಗೊತ್ತಾಯಿತು. ಯಾವುದು ಉಳಿಯಬೇಕು ಎಂಬುದರಲ್ಲಿ ಕೋಶದ ವಿದ್ಯುತ್ ಚಟುವಟಿಕೆಗೆ ದೊಡ್ಡ ಪಾತ್ರವಿದೆ ಎಂದು ಆಮೇಲೆ ತಿಳಿಯಿತು. ಸುತ್ತಲಿನವರ ಜೊತೆ ಮಾತಿಗಿಳಿದ ಕೋಶ ಉಳಿಯುತ್ತದೆ.

ಈ ಸಾವನ್ನು ಪೂರ್ತಿ ನಿಲ್ಲಿಸಿದರೆ ಮೆದುಳು ಇನ್ನೂ ಚುರುಕಾಗುತ್ತದೆಯೇ? ಇಲಿಗಳಲ್ಲಿ ನೋಡಿದ್ದಾರೆ. ಮುಖ್ಯವಾದ ಕ್ಯಾಸ್ಪೇಸ್ ಜೀನುಗಳಲ್ಲಿ ಒಂದನ್ನು ತೆಗೆದರೆ ಕೆಲವು ತಳಿಯ ಇಲಿಗಳಲ್ಲಿ ಮೆದುಳು ಅಸ್ತವ್ಯಸ್ತವಾಗಿ ಬೆಳೆದು ಮರಿಗಳು ಹುಟ್ಟುವ ಹೊತ್ತಿಗೇ ಸಾಯುತ್ತವೆ. ಬ್ಯಾಕ್ಸ್ ಜೀನನ್ನು ಮಾತ್ರ ತೆಗೆದರೆ ಇಲಿ ಬದುಕುತ್ತದೆ. ಸಾಯಬೇಕಿದ್ದ ನರಕೋಶಗಳೂ ಉಳಿಯುತ್ತವೆ, ಆದರೆ ಸ್ನಾಯುವಿನ ನರಗಳಲ್ಲಿ ಹೀಗೆ ಉಳಿದವು ಸಣ್ಣಗೆ, ಸೊರಗಿ ಇರುತ್ತವೆ. ಸಂಖ್ಯೆ ಹೆಚ್ಚಾದ ಮಾತ್ರಕ್ಕೆ ಲಾಭ ಕಂಡಿಲ್ಲ.

ಇದಕ್ಕೆ ವಿರುದ್ಧವಾದ ಸ್ಥಿತಿ ಮನುಷ್ಯರಲ್ಲೇ ಇದೆ. ಎನ್‌ಜಿಎಫ್ ಅನ್ನು ಹಿಡಿದುಕೊಳ್ಳುವ ಟಿಆರ್‌ಕೆ-ಎ ಎಂಬ ಪ್ರೋಟೀನಿನ ಜೀನಿನಲ್ಲಿ ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ದೋಷವಿರುತ್ತದೆ. ತುಂಬ ಅಪರೂಪದ ಕಾಯಿಲೆ ಇದು. ಕಾರಣ ಗೊತ್ತಾಗಿದ್ದು 1996ರಲ್ಲಿ. ಎನ್‌ಜಿಎಫ್ ಇದ್ದರೂ ಕೋಶಕ್ಕೆ ಅದು ತಿಳಿಯುವುದಿಲ್ಲ. ನೋವು ಅರಿಯುವ ನರಕೋಶಗಳು, ಬೆವರಿಳಿಸುವ ನರಗಳು ಗರ್ಭದಲ್ಲೇ ಸಾಯುತ್ತವೆ. ಆ ಮಕ್ಕಳಿಗೆ ನೋವು ಗೊತ್ತಾಗುವುದಿಲ್ಲ, ಬೆವರು ಬರುವುದಿಲ್ಲ. ನಾಲಿಗೆ ಕಚ್ಚಿಕೊಂಡರೂ, ಮೂಳೆ ಮುರಿದರೂ ಅಳುವುದಿಲ್ಲ. ಬಿಸಿಲಿಗೆ ಜ್ವರ ಏರುತ್ತದೆ. ಇಷ್ಟು ಸಣ್ಣ ಸಂಕೇತದ ಮೇಲೆ ಎಷ್ಟೆಲ್ಲ ನಿಂತಿದೆ ಎಂದು ನೋಡಿ.

ಈಗ ನೀವು ಕಾಳಜಿ ಮಾಡಬೇಕಾದ ವಿಷಯ. ಸಹಜವಾದ ಸಾವಿನ ಬಗ್ಗೆ ಚಿಂತೆ ಬೇಡ. ಆದರೆ ಅದೇ ದಾರಿಯಲ್ಲಿ, ಸಾಯಬೇಕಿಲ್ಲದ ಕೋಶಗಳನ್ನೂ ಸಾಯಿಸುವ ಪದಾರ್ಥಗಳಿವೆ. ಮೊದಲನೆಯದು ಮದ್ಯ. 2000ದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಓಲ್ನಿ ಅವರ ತಂಡ ಏಳು ದಿನದ ಇಲಿಮರಿಗಳಿಗೆ ಮದ್ಯಸಾರ ಕೊಟ್ಟು ನೋಡಿತು. ಇಲಿಯ ಆ ವಯಸ್ಸು ಮನುಷ್ಯರ ಗರ್ಭದ ಕೊನೆಯ ತಿಂಗಳುಗಳಿಗೆ ಹತ್ತಿರ. ಮೆದುಳಿನ ತುಂಬ ಕೋಶಗಳು ಅಪೊಪ್ಟೋಸಿಸ್‌ನಿಂದ ಸತ್ತವು. ಮದ್ಯ ನರಕೋಶಗಳ ಚಟುವಟಿಕೆಯನ್ನು ಅಡಗಿಸುತ್ತದೆ. ಎಳೆಯ ಕೋಶಕ್ಕೆ ಆ ಮೌನ, ಯಾರೂ ತನ್ನನ್ನು ಕೇಳುತ್ತಿಲ್ಲ ಎಂಬ ಸಂಕೇತದಂತೆ. ಗರ್ಭಿಣಿಯರಿಗೆ ‘ಸ್ವಲ್ಪ ಕುಡಿದರೆ ಪರವಾಗಿಲ್ಲ’ ಎಂಬ ಮಾತೇ ಇಲ್ಲ. ಯಾರೇ ಹೇಳಿದರೂ ಒಪ್ಪಬೇಡಿ. ತಂಬಾಕು, ಗುಟ್ಕಾ, ಮನೆಯಲ್ಲಿ ಇನ್ನೊಬ್ಬರು ಬಿಡುವ ಬೀಡಿ-ಸಿಗರೇಟಿನ ಹೊಗೆ, ಇವುಗಳಿಂದಲೂ ದೂರವಿರಿ.

ಟಾನಿಕ್ ವಿಷಯ. ಸಹಜ ಕೋಶಸಾವನ್ನು ಕಡಿಮೆ ಮಾಡುವ ಟಾನಿಕ್ ಯಾವುದೂ ಇಲ್ಲ. ಇದೆ ಎಂದು ಮಾರುವವರನ್ನು ನಂಬಬೇಡಿ. ನಿಮ್ಮ ವೈದ್ಯರು ಬರೆದುಕೊಟ್ಟ ಕಬ್ಬಿಣ, ಫೋಲಿಕ್ ಆಸಿಡ್ ಮಾತ್ರೆ ತಪ್ಪಿಸಬೇಡಿ. ಅಡುಗೆಗೆ ಅಯೋಡಿನ್ ಇರುವ ಉಪ್ಪನ್ನೇ ಬಳಸಿ, ಅಯೋಡಿನ್ ಕಡಿಮೆಯಾದರೆ ಮಗುವಿನ ಮೆದುಳಿನ ಬೆಳವಣಿಗೆಗೆ ನಿಜವಾಗಿಯೂ ಪೆಟ್ಟು. ತುಪ್ಪ, ಬಾದಾಮಿ ಇಷ್ಟವಿದ್ದರೆ ಹಿತಮಿತವಾಗಿ ತಿನ್ನಿ. ಮನೆಯಲ್ಲಿರುವ ಬಾಟಲಿಯನ್ನು ವೈದ್ಯರಿಗೆ ತೋರಿಸದೆ ತೆಗೆಯಬೇಡಿ. ಅದರಲ್ಲಿ ಏನೇನಿದೆ ಎಂದು ಅವರೇ ಓದಿ ನೋಡಲಿ.

ಕೊನೆಯದಾಗಿ ಅರಿವಳಿಕೆ. ಇಲಿಮರಿಗಳಲ್ಲಿ ಕೆಲವು ಅರಿವಳಿಕೆ ಔಷಧಗಳೂ ಮದ್ಯದ ಹಾಗೆಯೇ ಕೋಶಗಳನ್ನು ಸಾಯಿಸಿದ್ದು ನಿಜ. ಅದರಿಂದಾಗಿ 2016ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟಿತು. ಮೂರು ವರ್ಷದೊಳಗಿನ ಮಕ್ಕಳಿಗೆ ಮತ್ತು ಕೊನೆಯ ಮೂರು ತಿಂಗಳಿನ ಗರ್ಭಿಣಿಯರಿಗೆ ಮೂರು ಗಂಟೆಗಿಂತ ಹೆಚ್ಚು ಹೊತ್ತು, ಅಥವಾ ಮತ್ತೆ ಮತ್ತೆ, ಪೂರ್ಣ ಅರಿವಳಿಕೆ ಕೊಡುವಾಗ ಯೋಚಿಸಿ ಎಂಬುದೇ ಅದು. ಸಿಸೇರಿಯನ್‌ಗೆ ಸಾಮಾನ್ಯವಾಗಿ ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುತ್ತಾರೆ. ಅದು ಈ ಎಚ್ಚರಿಕೆಯ ಲೆಕ್ಕಕ್ಕೆ ಬರುವುದಿಲ್ಲ. ತುರ್ತಾಗಿ ಪೂರ್ಣ ಅರಿವಳಿಕೆ ಬೇಕಾದರೂ ಮಗು ಹೊರಬರುವವರೆಗಿನ ಸಮಯ ಕೆಲವೇ ನಿಮಿಷ. ಮನುಷ್ಯ ಶಿಶುಗಳಲ್ಲಿ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2019ರಲ್ಲಿ ಬಂತು. ಒಂದು ಗಂಟೆಗಿಂತ ಕಡಿಮೆ ಹೊತ್ತಿನ ಪೂರ್ಣ ಅರಿವಳಿಕೆ ಪಡೆದ ಮಕ್ಕಳಿಗೂ, ಎಚ್ಚರವಾಗಿದ್ದು ಸ್ಥಳೀಯ ಅರಿವಳಿಕೆ ಪಡೆದ ಮಕ್ಕಳಿಗೂ ಐದು ವರ್ಷದ ಹೊತ್ತಿಗೆ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ನಿಮಗಾಗಲಿ, ಆಮೇಲೆ ಮಗುವಿಗಾಗಲಿ ಶಸ್ತ್ರಚಿಕಿತ್ಸೆ ಬೇಕೇ ಬೇಕೆಂದು ವೈದ್ಯರು ಹೇಳಿದರೆ ಈ ಹೆದರಿಕೆಯಿಂದ ಅದನ್ನು ಮುಂದೂಡಬೇಡಿ. ಅರಿವಳಿಕೆ ತಜ್ಞರನ್ನು ಮೊದಲೇ ಭೇಟಿಯಾಗಿ, ಎಷ್ಟು ಹೊತ್ತು, ಯಾವ ಬಗೆಯದು ಎಂದು ಧಾರಾಳವಾಗಿ ಕೇಳಿ.